ಗಂಟನ್ನು ಹಾಗೇ ಬಿಡು ಅಂದವರಿಗೆ, ಮತ್ತೆ ನಿಮಗೆಲ್ಲರಿಗೂ

ಭಾನುವಾರ ರಾತ್ರಿ ಕೊನೆಯ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಟೆಂಪೋಗೆ ಏರಿಸಿದೆವು. ಹನ್ನೊಂದು ಶಿಲ್ಪ, ಹತ್ತು ದಿನದ ಪ್ರದರ್ಶನ. ನೋಡೋಕೆ ಬಂದವರಲ್ಲಿ ಅರ್ಧ ಜನ ನನಗೆ ಪರಿಚಯವೇ ಇಲ್ಲದವರು. ಎರಡು ವರ್ಷದ ಹಿಂದೆ ಇದೇ ಬಲಗೈಯಲ್ಲಿ ಕಾಫಿ ಲೋಟ ಎತ್ತೋಕೂ ಆಗುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದುಕೊಂಡರೆ ಎರಡನೇ ಮಾತಿಗೇ ಗಂಟಲು ಕಟ್ಟುತ್ತೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಲ್ಲು ಹೊರಳಿಸುವಾಗ ಹಾರೆ ಜಾರಿ ಮಣಿಕಟ್ಟು ಮುರಿಯಿತು. ಎರಡು ಆಪರೇಷನ್. ಏಳು ತಿಂಗಳು ಉಳಿ ಮುಟ್ಟಲಿಲ್ಲ. ಅಮ್ಮ, ಆ ದಿನಗಳಲ್ಲಿ ನೀನು ಅನ್ನ ಕಲಸಿ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ನಲವತ್ತು ದಾಟಿದ ಮಗಳಿಗೆ. ವಾರಕ್ಕೆ ಮೂರು ದಿನ ನನ್ನ ಬೆರಳು ಮಡಿಸಿ ಬಿಚ್ಚಿಸಿದ ಫಿಸಿಯೋಥೆರಪಿ ಮೇಡಂ, ನೋವಿಗೆ ನಾನು ಕಿರುಚಿದರೂ ನೀವು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

ಶಿವಾರಪಟ್ಟಣದಲ್ಲಿ ನನಗೆ ಉಳಿ ಹಿಡಿಯೋದು ಕಲಿಸಿದ ಆಚಾರ್ರು ಬಸ್ಸು ಹತ್ತಿ ನೋಡೋಕೆ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. "ಕೈಗೆ ರಜ ಸಿಕ್ಕಿದೆ, ಕಣ್ಣಿಗೆ ಕೆಲಸ ಕೊಡಮ್ಮ" ಅಂದು ಹೋದರು. ಆಗಲೇ ನಾನು ಕೋಪಾನ್‌ನ ಫೋಟೋಗಳನ್ನು ದಿನವಿಡೀ ನೋಡೋಕೆ ಶುರು ಮಾಡಿದ್ದು.

ಕೋಪಾನ್ ಇರೋದು ಹೊಂಡುರಾಸ್ ದೇಶದ ಪಶ್ಚಿಮ ತುದಿಯಲ್ಲಿ, ಗ್ವಾಟೆಮಾಲಾ ಗಡಿಯ ಹತ್ತಿರ. ಮಾಯಾ ಜನರ ಹಳೆಯ ರಾಜಧಾನಿ. ಅಲ್ಲಿನ 13ನೇ ರಾಜ ವಾಶಕ್ಲಾಹೂನ್ ಉಬಾಹ್ ಕಾವೀಲ್ 695ರಿಂದ 738ರವರೆಗೆ ಆಳಿದ. ಅವನ ಕಾಲದ ನಿಲುಗಲ್ಲುಗಳನ್ನು ನೋಡಿದರೆ ನನ್ನ ಮಾತು ನಿಮಗೆ ಅರ್ಥ ಆಗುತ್ತೆ. ಬೇರೆ ಮಾಯಾ ಊರುಗಳಲ್ಲಿ ಹೆಚ್ಚಾಗಿ ಸುಣ್ಣದ ಕಲ್ಲಿನ ಮೇಲೆ ತೆಳುವಾದ ಉಬ್ಬುಗೆತ್ತನೆ. ಇಲ್ಲಿ ಹಾಗಲ್ಲ, ಮೈ ತುಂಬಿಕೊಂಡ ರಾಜ ಕಲ್ಲಿನಿಂದ ಹೊರಗೆ ಬಂದು ನಿಂತಿದ್ದಾನೆ, ಕಿವಿಯ ಓಲೆ, ಎದೆಯ ಮೇಲೆ ಮಡಿಸಿದ ಕೈ, ತಲೆಯ ಮೇಲಿನ ಗರಿ ಎಲ್ಲವೂ ಎದ್ದು ಕಾಣುತ್ತೆ. ಕಾರಣ ಕಲ್ಲೇ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ, ತಿಳಿ ಹಸಿರು ಬಣ್ಣದ ಕಲ್ಲು ಅದು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿ ತಗುಲಿದಂತೆ ಗಟ್ಟಿಯಾಗುತ್ತೆ. ಬೇಲೂರಿನ ಬಳಪದ ಕಲ್ಲಿನದ್ದೂ ಇದೇ ಗುಣ, ಅಲ್ವಾ? ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೊಂದು ವಿಷಯ, ಅವರ ಕೈಯಲ್ಲಿ ಕಬ್ಬಿಣದ ಉಳಿ ಇರಲಿಲ್ಲ. ಕಲ್ಲನ್ನು ಕಲ್ಲಿನಿಂದಲೇ ಕೆತ್ತಿದರು.

ಹೋಗಲೇಬೇಕು ಅಂತ ಅನ್ನಿಸಿತು. ಟಿಕೆಟ್ಟಿಗೆ ದುಡ್ಡು ಕೊಟ್ಟು "ಯಾವಾಗ ವಾಪಸ್ ಕೊಡ್ತೀಯ" ಅಂತ ಇವತ್ತಿನವರೆಗೂ ಕೇಳದ ಗೆಳತಿಗೆ ನಾನು ಏನು ಹೇಳಲಿ. ವರ್ಷದ ಕೊನೆಯೊಳಗೆ ತೀರಿಸುತ್ತೇನೆ ಕಣೇ.

ಅಲ್ಲಿ ಎರಡೂವರೆ ತಿಂಗಳು ಇದ್ದೆ. ಒಬ್ಬರು ವಯಸ್ಸಾದ ಕಲ್ಲುಕೆಲಸದವರು ತಮ್ಮ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ನನಗೆ ಜಾಗ ಕೊಟ್ಟರು. ಚೋರ್ತಿ ಮಾಯಾ ಜನ ಅವರು. ಆ ನಿಲುಗಲ್ಲುಗಳ ಮೇಲಿನ ಬರಹದ ಭಾಷೆಗೆ ಚೋರ್ತಿ ತೀರಾ ಹತ್ತಿರದ್ದು. ಊರಲ್ಲಿ ಎಲ್ಲರೂ ಅವರನ್ನು ಮಾಯೆಸ್ತ್ರೊ, ಅಂದರೆ ಸ್ಪ್ಯಾನಿಷ್‌ನಲ್ಲಿ ಗುರು, ಅಂತ ಕರೀತಿದ್ದರು, ನಾನೂ ಹಾಗೇ ಕರೆದೆ. ನಮ್ಮ ಮೇಸ್ತ್ರಿ ಅನ್ನೋ ಮಾತು ಪೋರ್ಚುಗೀಸರಿಂದ ಬಂದದ್ದು, ಅದೂ ಇದೂ ಒಂದೇ ಬೇರಿನವು. ಇದನ್ನು ಅವರಿಗೆ ಹೇಳಿದ ದಿನ ಅವರ ಹೆಂಡತಿ ನನಗೆ ಎರಡು ಜೋಳದ ರೊಟ್ಟಿ ಜಾಸ್ತಿ ಬಡಿಸಿದರು. ಅಲ್ಲಿ ಜೋಳ ಅಂದರೆ ನಮ್ಮ ಮುಸುಕಿನ ಜೋಳ.

ಮೂರನೇ ವಾರ ಒಂದು ಮುಖ ಕೆತ್ತುತ್ತಿದ್ದೆ. ಎಡಗೆನ್ನೆಗೆ ಬಂದಾಗ ಉಳಿ ಟಣ್ ಅಂತ ಹಿಂದಕ್ಕೆ ಎಗರಿತು. ಕಲ್ಲಿನೊಳಗೆ ನಿಂಬೆಹಣ್ಣಿನ ಗಾತ್ರದ ಗಂಟು, ಬೆಣಚಿನ ಹಾಗೆ ಗಟ್ಟಿ. ಹೊಡೆದೆ, ಇನ್ನೂ ಜೋರಾಗಿ ಹೊಡೆದೆ, ಹೊಡೆದಂತೆಲ್ಲ ಮುರಿದು ಕೂಡಿದ ಮಣಿಕಟ್ಟಿನಲ್ಲಿ ಚಳುಕು. ಸುತ್ತಿಗೆ ಕೆಳಗಿಟ್ಟು ಅತ್ತುಬಿಟ್ಟೆ. ಮಾಯೆಸ್ತ್ರೊ ಬಂದು ಹೆಬ್ಬೆರಳಿನಿಂದ ಆ ಗಂಟನ್ನು ಸವರಿ ನೋಡಿದರು. "ದೇಹಾಲೊ" ಅಂದರು. ಬಿಡು ಅದನ್ನ ಅಂತ.

ಮಾರನೇ ದಿನ ಬೆಳಿಗ್ಗೆ ಹಾಳೂರಿಗೆ ಕರೆದುಕೊಂಡು ಹೋಗಿ ನಿಲುಗಲ್ಲುಗಳ ಮೈಯಲ್ಲಿ ಅಂಥ ಗಂಟುಗಳನ್ನು ತೋರಿಸಿದರು. ಅಂದಿನ ಶಿಲ್ಪಿಗಳು ಕೆಲವನ್ನು ಕಿತ್ತು ತೆಗೆದಿದ್ದಾರೆ, ಗುಂಡಿ ಉಳಿದಿದೆ. ಕೆಲವನ್ನು ಉಬ್ಬಿದ ಹಾಗೇ ಬಿಟ್ಟಿದ್ದಾರೆ. ನಾನು ಫೋಟೋದಲ್ಲಿ ನೂರು ಸಲ ನೋಡಿದ್ದರೂ ಅವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪ್ರದರ್ಶನಕ್ಕೆ ಬಂದ ಹಲವರು "ಮಾಯಾ ಅಂದರೆ ನಮ್ಮ ಮಯಾಸುರನೇ ಅಲ್ವಾ, ಇಲ್ಲಿಂದ ಹೋದವರು ತಾನೆ?" ಅಂತ ಕೇಳಿದರು. ಪ್ರೀತಿಯಿಂದಲೇ ಕೇಳಿದಿರಿ, ಆದರೆ ಅಲ್ಲ. ನೂರು ವರ್ಷದ ಹಿಂದೆ ಕೆಲವು ವಿದ್ವಾಂಸರೂ ಹೀಗೇ ಅಂದಿದ್ದರು. 731ರ ಸ್ಟೆಲಾ ಬಿ ಅನ್ನೋ ನಿಲುಗಲ್ಲಿನ ಮೇಲ್ತುದಿಯಲ್ಲಿ ಸೊಂಡಿಲು ಕಂಡು, ಇದು ಭಾರತದ ಆನೆ ಅಂತ ವಾದಿಸಿದರು. ಅದು ಸೊಂಡಿಲಲ್ಲ, ಮಕಾವ್ ಗಿಳಿಯ ಬಾಗಿದ ಕೊಕ್ಕು. ಅದೇ ಕಲ್ಲಿನ ಮೇಲೆ ಮೋ ವಿಟ್ಸ್, ಅಂದರೆ ಮಕಾವ್ ಬೆಟ್ಟ ಅಂತ ಬರೆದೂ ಇದೆ. ಆ ಕೆಂಪು ಗಿಳಿಗಳು ಈಗಲೂ ಅಲ್ಲಿನ ಮರಗಳ ಮೇಲೆ ಕೂತು ಕಿರುಚುತ್ತವೆ. ಆ ಕೆಲಸ ಅವರದ್ದು, ಅವರ ಮೊಮ್ಮಕ್ಕಳು ಅಲ್ಲೇ ಇದ್ದಾರೆ. ನಾನು ಅವರಿಂದ ಕಲಿತು ಬಂದೆ, ಅಷ್ಟೇ.

ನಮಗೂ ಅವರಿಗೂ ನಿಜವಾಗಿ ಹೋಲುವ ಒಂದು ವಿಷಯ ಇದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಮಾಯಾ ಶಿಲ್ಪಿಗಳೂ ಸಹಿ ಹಾಕುತ್ತಿದ್ದರು. ಗ್ವಾಟೆಮಾಲಾದ ಪಿಯೆದ್ರಾಸ್ ನೆಗ್ರಾಸ್‌ನಲ್ಲಿ 795ರ ಒಂದೇ ನಿಲುಗಲ್ಲಿನ ಮೇಲೆ ಎಂಟು ಜನ ಶಿಲ್ಪಿಗಳ ಸಹಿ ಇದೆ. ಒಬ್ಬ ರಾಜನ ಕಲ್ಲು, ಎಂಟು ಜನರ ಕೈ.

ಆ ಗಂಟಿನ ಮುಖವನ್ನು ಮುಗಿಸಿದೆ. ಅದು ಹಡಗಿನಲ್ಲಿ ಬರೋವರೆಗೂ ಕಾಗದಪತ್ರ ಹಿಡಿದು ಓಡಾಡಿದವನು ನನ್ನ ತಮ್ಮ. ಎಡಗೆನ್ನೆ ಉಬ್ಬಿಕೊಂಡು, ಬಾಯಲ್ಲಿ ಇನ್ನೂ ನುಂಗದ ಅನ್ನ ಇರೋ ಹಾಗೆ ಕಾಣುತ್ತೆ. ಹೆಸರು 'ತುತ್ತು'. ಅಮ್ಮ, ಅದು ಯಾರ ತುತ್ತು ಅಂತ ನಿನಗೆ ಹೇಳಬೇಕಿಲ್ಲ. ಅದನ್ನು ಮಾರಿಲ್ಲ, ಮಾರುವುದೂ ಇಲ್ಲ. ತಳದಲ್ಲಿ, ಯಾರಿಗೂ ಕಾಣದ ಕಡೆ, ನನ್ನ ಹೆಸರಿನ ಜೊತೆ ಇನ್ನೂ ಆರು ಹೆಸರು ಕೆತ್ತಿದ್ದೇನೆ. ಅಮ್ಮ, ತಮ್ಮ, ಆಚಾರ್ರು, ಫಿಸಿಯೋ ಮೇಡಂ, ಗೆಳತಿ, ಮಾಯೆಸ್ತ್ರೊ. ಮೊನ್ನೆ ಆಚಾರ್ರು ಕಲ್ಲನ್ನು ವಾಲಿಸಿ ಹಿಡಿಯೋಕೆ ಹೇಳಿ, ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, "ಕಾಗುಣಿತ ಸರಿ ಇದೆ" ಅಂದರು. ಕಣ್ಣು ಒದ್ದೆಯಾಗಿತ್ತು.

ಮುಟ್ಟಬಾರದು ಅನ್ನೋ ಬೋರ್ಡ್ ನಾನು ಹಾಕಿರಲಿಲ್ಲ. ಕೊನೆಯ ದಿನ ಒಂದು ಪುಟ್ಟ ಹುಡುಗಿ 'ತುತ್ತು' ಮುಂದೆ ನಿಂತು ಆ ಕೆನ್ನೆ ಮೇಲೆ ಅಂಗೈ ಇಟ್ಟು "ಏನಿಟ್ಕೊಂಡಿದೀಯಾ ಬಾಯಲ್ಲಿ?" ಅಂತ ಅದನ್ನೇ ಕೇಳಿದಳು. ಅವಳ ಅಮ್ಮನ ಒಪ್ಪಿಗೆ ತಗೊಂಡು, ಕೈ ಮತ್ತು ಕೆನ್ನೆ ಮಾತ್ರ ಕಾಣೋ ಒಂದು ಫೋಟೋ ತೆಗೆದು ಕೋಪಾನ್‌ಗೆ ಕಳಿಸಿದ್ದೇನೆ. ಮಾಯೆಸ್ತ್ರೊ ಅವರ ಮೊಮ್ಮಗನ ಫೋನಿಗೆ.