ಮುದಿ ನಾಯಿ ಅಂಡು ಉಜ್ಜಿದರೆ ಹುಳದ ಮಾತ್ರೆ ಒಂದೇ ಮದ್ದಾ?

ಮಾನ್ಯ ಸಂಪಾದಕರೇ,

ಸಾಕಿದ ನಾಯಿ ಅಂಡನ್ನು ನೆಲಕ್ಕೆ ಉಜ್ಜಿಕೊಂಡು ಹೋದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ, ‘ಹೊಟ್ಟೇಲಿ ಹುಳ ಆಗಿದೆ, ಮಾತ್ರೆ ಹಾಕಿ’. ಮೆಡಿಕಲ್ ಶಾಪಿನವರೂ ಅದನ್ನೇ ಕೊಟ್ಟು ಕಳಿಸುತ್ತಾರೆ. ಹುಳ ಇದ್ದರೂ ಇರಬಹುದು. ಆದರೆ ವಯಸ್ಸಾದ ನಾಯಿಯಾದರೆ ಗುದದ ಅಕ್ಕಪಕ್ಕ, ಗಡಿಯಾರದಲ್ಲಿ 4 ಮತ್ತು 8 ಇರುವ ಜಾಗದಲ್ಲಿ, ಚರ್ಮದ ಒಳಗಿರುವ ಎರಡು ಪುಟ್ಟ ಚೀಲಗಳನ್ನು ಮೊದಲು ನೋಡಿಸಬೇಕು.

ಅವುಗಳಲ್ಲಿ ಮೀನಿನಂತೆ ನಾರುವ ದ್ರವ ತುಂಬುತ್ತದೆ. ಮಲ ಗಟ್ಟಿಯಾಗಿದ್ದರೆ ಅದು ಹೊರಗೆ ಬರುವಾಗಿನ ಒತ್ತಡಕ್ಕೆ ದ್ರವ ತಾನಾಗೇ ಹೋಗುತ್ತದೆ. ಪದೇ ಪದೇ ಭೇದಿ, ಬೊಜ್ಜು, ಚರ್ಮದ ಅಲರ್ಜಿ ಇದ್ದರೆ ಅದು ಒಳಗೇ ಗಟ್ಟಿಯಾಗಿ, ಸೋಂಕು ತಗಲಿ, ಕೀವು ತುಂಬಿ, ಕೊನೆಗೆ ಪಕ್ಕದ ಚರ್ಮವೇ ಒಡೆದು ರಕ್ತ ಸೋರುತ್ತದೆ. ಆಗ ‘ಬೀದಿ ನಾಯಿ ಕಚ್ಚಿರಬೇಕು’ ಅಂತ ಅರಿಶಿನ ಮೆತ್ತುವವರಿದ್ದಾರೆ. ಅದಕ್ಕೂ ಮುಂಚೆಯೇ ನಾಯಿ ಕೂರಲು ಒದ್ದಾಡುತ್ತದೆ, ಹಿಂದೆ ನೆಕ್ಕುತ್ತಲೇ ಇರುತ್ತದೆ, ಬಾಲದ ಬುಡ ಮುಟ್ಟಿದರೆ ಗುರ್ ಅನ್ನುತ್ತದೆ. ವಯಸ್ಸಾಯ್ತು, ಸಿಡುಕು ಜಾಸ್ತಿ ಅಂತ ನಾವು ಸುಮ್ಮನಾಗುತ್ತೇವೆ. ನೋವಿದ್ದರೆ ಯಾರು ಸಿಡುಕುವುದಿಲ್ಲ ಹೇಳಿ?

ಮುದಿ ನಾಯಿಗಳಲ್ಲಿ ಇನ್ನೊಂದು ಅಪಾಯ ಇದೆ. ಈ ಚೀಲದ ಗ್ರಂಥಿಯಲ್ಲೇ ಕ್ಯಾನ್ಸರ್ ಗಡ್ಡೆ ಬೆಳೆಯಬಹುದು. ಹೊರಗಿಂದ ಏನೂ ಕಾಣದೇ ಇರಬಹುದು. ಕೆಲವು ನಾಯಿಗಳಲ್ಲಿ ಇದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಪರೀತ ನೀರು ಕುಡಿಯುವುದು, ಪದೇ ಪದೇ ಉಚ್ಚೆ ಹೊಯ್ಯುವುದು ಶುರುವಾಗುತ್ತದೆ. ಅಂಡು ಉಜ್ಜುವುದೂ ಇಲ್ಲದೆ ಬರೀ ಬಾಯಾರಿಕೆ ಅಂದರೆ ಯಾರಿಗೆ ತಾನೇ ಗುದ ನೋಡಿಸಬೇಕು ಅಂತ ಹೊಳೆಯುತ್ತದೆ? ವೈದ್ಯರು ಗ್ಲೌಸ್ ಹಾಕಿ ಒಳಗೆ ಬೆರಳಿಟ್ಟು ನೋಡಿದರೆ ಎಷ್ಟೋ ಗಡ್ಡೆಗಳು ಕೈಗೆ ಸಿಗುತ್ತವೆ, ಅದಕ್ಕೆ ಯಂತ್ರ ಏನೂ ಬೇಡ.

ಪೇಟೆಗಳಲ್ಲಿ ಇದರ ಉಲ್ಟಾ. ಸ್ನಾನ ಮಾಡಿಸುವ ಅಂಗಡಿಗಳಲ್ಲಿ ತೊಂದರೆಯೇ ಇಲ್ಲದ ನಾಯಿಗೂ ಪ್ರತಿ ಸಲ ಚೀಲ ಹಿಂಡುವುದುಂಟು. ಅದು ಬೇಕಾಗಿಲ್ಲ, ಸುಮ್ನೆ ಹಿಂಡಿದರೆ ಒಳಗೆ ಗಾಯವಾಗಬಹುದು. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ, ಅದೂ ಬಾವು ಬಂದಿರುವಾಗ, ಒತ್ತುವವರಿಗಂತೂ ಕೈ ಮುಗಿಯಬೇಕು. ನಾವು ನುಂಗುವ ನೋವಿನ ಮಾತ್ರೆಯನ್ನೂ ಕೊಡಬೇಡಿ, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು. ಮಲ ಸಡಿಲ ಇದ್ದರೆ ಬೇಯಿಸಿದ ಸಿಹಿಗುಂಬಳ ಸ್ವಲ್ಪ ಕೊಟ್ಟು ನೋಡಬಹುದು. ಆದರೆ ಬಾವು, ಕೀವು ಕಂಡಮೇಲೆ ಆಸ್ಪತ್ರೆಯೇ ಗತಿ.

ತಾಲ್ಲೂಕು ಪಶು ಆಸ್ಪತ್ರೆಗಳ ಗೋಡೆ ಮೇಲೆ ಕಾಲುಬಾಯಿ ರೋಗ, ಕೆಚ್ಚಲು ಬಾವಿನ ಪೋಸ್ಟರ್ ಇರುತ್ತವೆ. ಇರಲೇಬೇಕು, ಹಸು ಎಮ್ಮೆ ಜನರ ಹೊಟ್ಟೆಪಾಡು. ಜೊತೆಗೆ ಮುದಿ ನಾಯಿಗಳ ಬಗ್ಗೆಯೂ ಒಂದು ಅಂಟಿಸಿದರೆ ಖರ್ಚೇನೂ ಹೆಚ್ಚಿಲ್ಲ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಲಸಿಕೆ ಹಾಕಿಸಲು ಜನ ಹೇಗೂ ನಾಯಿ ಹಿಡಿದು ಸಾಲು ನಿಲ್ಲುತ್ತಾರೆ. ಎಂಟು ವರ್ಷ ದಾಟಿದ ನಾಯಿ ಕಂಡರೆ ‘ಅಂಡು ಉಜ್ಜುತ್ತಾ, ನೀರು ಜಾಸ್ತಿ ಕುಡಿಯುತ್ತಾ’ ಅಂತ ಅಲ್ಲೇ ಕೇಳಿ, ಅನುಮಾನ ಬಂದರೆ ಇನ್ನೊಂದು ದಿನ ಕರೆಸಿ ಪರೀಕ್ಷೆ ಮಾಡಲಿ. ಪಶುಪಾಲನಾ ಇಲಾಖೆ ಈ ವರ್ಷವೇ ಇಷ್ಟು ಮಾಡಬೇಕು.

– ಒಬ್ಬ ಓದುಗ, ಸಾಗರ