ಎಡಗಡೆಯ ಫೋರ್ಕಿನ ವಿಷಯ

ಶಿರಸಿ

ಚಿ. ಮಾಣಿಗೆ ಮಾವನ ಆಶೀರ್ವಾದಗಳು. ಉಭಯಕುಶಲೋಪರಿ.

ತೋಟದ ಸುದ್ದಿ, ಕೊಳೆರೋಗದ ಸುದ್ದಿ ಎಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಆ ಹೋಂಡಾ ಬೈಕು ನಿನ್ನ ಕೈಗೆ ಹೇಗೆ ಬಂತು, ಅದಕ್ಕೆ ನಿನ್ನ ಅಪ್ಪ ಏನೆಂದರು ಎಂಬುದನ್ನೂ ಮತ್ತೆ ಕೆದಕುವುದಿಲ್ಲ. ನಾಲ್ಕು ಕಾರ್ಬುರೇಟರನ್ನೂ ಒಂದು ಹದಕ್ಕೆ ತಂದೆಯಂತೆ, ಸಂತೋಷ. ಆದರೆ ಅದರ ಕೆಳಗೇ ಒಂದು ಸಾಲು ಸಿಕ್ಕಿಸಿದ್ದೀಯ: “ಎಡಗಡೆ ಫೋರ್ಕ್ ಸ್ವಲ್ಪ ಎಣ್ಣೆ ಬಿಡ್ತದೆ, ಒರೆಸಿಕೊಂಡು ಓಡಿಸ್ತಾ ಇದ್ದೇನೆ, ಹಬ್ಬಕ್ಕೆ ಗಾಡಿಯಲ್ಲೇ ಬರ್ತೇನೆ.” ಅದನ್ನು ಓದಿದ ಮೇಲೆ ಉಳಿದ ಪತ್ರ ನನ್ನ ತಲೆಗೆ ಹೋಗಲೇ ಇಲ್ಲ ಮಾರಾಯ.

ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಎರಡು ಕಾಲಿನಲ್ಲಿ ಬಲಗಡೆಯದು ಸೋರುತ್ತಿದ್ದರೆ ನಾನು ಇಷ್ಟು ಗಾಬರಿ ಬೀಳುತ್ತಿರಲಿಲ್ಲ. ನಿನ್ನ ಸಿಬಿ 750ಕ್ಕೆ ಮುಂದೆ ಇರುವುದು ಒಂದೇ ಡಿಸ್ಕು, ಅದು ಎಡಕ್ಕೇ. 1969ರಲ್ಲಿ ಆ ಗಾಡಿ ಬಂದಾಗ ಮುಂದೆ ಡಿಸ್ಕ್ ಬ್ರೇಕು ಇದೆ ಅಂತ ಜಗತ್ತೇ ಬಾಯಿ ಬಿಟ್ಟು ನೋಡಿತು. ಅದೇ ಡಿಸ್ಕಿನ ಮೇಲೆ ಈಗ ಫೋರ್ಕಿನ ಎಣ್ಣೆ ತಡೆಯಬೇಕಾದ ರಬ್ಬರು ಸೀಲಿನಿಂದ ಇಳಿದ ಎಣ್ಣೆ ಹನಿಯುತ್ತಿದೆ. ನೀನು ಒರೆಸುವುದು ಫೋರ್ಕಿನ ಪೈಪನ್ನು. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಕುಡಿದ ಎಣ್ಣೆಯನ್ನು ಯಾವ ಬಟ್ಟೆ ಒರೆಸುತ್ತದೆ?

ಕಾರವಾರದಿಂದ ಬರುವಾಗ ನಿನಗೆ ಏನೂ ಗೊತ್ತಾಗುವುದಿಲ್ಲ, ನನ್ನ ಹೆದರಿಕೆ ಅದೇ. ಅಂಕೋಲೆ, ಕುಮಟೆವರೆಗೆ ಹೈವೇ, ಕತಗಾಲ ದಾಟಿದ ಮೇಲೆ ಪೂರ್ತಿ ಏರು. ಏರಿನಲ್ಲಿ ಮುಂದಿನ ಬ್ರೇಕಿಗೆ ಏನು ಕೆಲಸ? ಜಗಲಿಗೆ ಬಂದು ಕೂತು “ನೋಡು ಮಾವ, ಏನೂ ಆಗಲಿಲ್ಲ” ಅಂತೀಯ. ಹಬ್ಬ ಮುಗಿಸಿ ಹೊರಟ ದಿನ ರಾಗಿಹೊಸಳ್ಳಿ ಕಳೆದು ದೇವಿಮನೆ ಘಟ್ಟ ಇಳಿಯುವಾಗ ನಿಜ ಗೊತ್ತಾಗುವುದು. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಫೋರ್ಕು ತಗ್ಗಿ ತಗ್ಗಿ ಏಳುತ್ತದೆ, ಹಾಗೆ ಎದ್ದಾಗಲೆಲ್ಲ ಸೀಲಿನಿಂದ ಇನ್ನಷ್ಟು ಎಣ್ಣೆ. ಬ್ರೇಕು ಹೆಚ್ಚು ಬೇಕಾದ ಜಾಗದಲ್ಲೇ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಎರಡು ಕ್ವಿಂಟಲ್‌ಗೂ ಮಿಕ್ಕಿದ ಗಾಡಿ, ಮೇಲೆ ನೀನು, ಬೆನ್ನಿಗೆ ನಿನ್ನ ಆಯಿ ಕಟ್ಟಿಕೊಟ್ಟ ಚೀಲ.

ನನ್ನ ಯೆಜ್ಡಿ ಬೈಕಿನ ಕಾಲದಲ್ಲಿ ಜೊತೆಗೆ ಒಬ್ಬ ಇದ್ದ, ಬುಲೆಟ್ಟಿನವ. ಹೆಸರು ಬೇಡ, ನಿನ್ನ ಅಪ್ಪನಿಗೆ ಗೊತ್ತು. ಆಗೆಲ್ಲ ಡ್ರಮ್ ಬ್ರೇಕು, ಫೋರ್ಕಿನ ಎಣ್ಣೆ ಬ್ರೇಕಿಗೆ ತಾಗುವ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ಆದರೂ ಅವನ ಫೋರ್ಕಿನಲ್ಲಿ ಎಣ್ಣೆ ಮುಗಿದು ಬರೀ ಸ್ಪ್ರಿಂಗ್ ಉಳಿದಿತ್ತು. ಎಣ್ಣೆ ಇದ್ದರೆ ಸ್ಪ್ರಿಂಗು ಒಮ್ಮೆ ತಗ್ಗಿ ಎದ್ದು ಸುಮ್ಮನಾಗುತ್ತದೆ, ಇಲ್ಲದಿದ್ದರೆ ಕುಣಿಯುತ್ತಲೇ ಇರುತ್ತದೆ. ಅದೇ ದೇವಿಮನೆಯ ಒಂದು ತಿರುವು, ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು ಅಷ್ಟೆ. ಹೊಂಡಕ್ಕೆ ಇಳಿದ ಚಕ್ರ ಎದ್ದು ಮತ್ತೆ ನೆಲ ಹಿಡಿಯುವುದರೊಳಗೆ ಗಾಡಿ ಅಡ್ಡ ಬಿದ್ದಾಗಿತ್ತು. ಅವನ ಮೊಣಕಾಲು ಆಮೇಲೆ ಸರಿಯಾಗಿ ಮಡಚಲಿಲ್ಲ, ಪಂಕ್ತಿಯಲ್ಲಿ ಕೂರಲು ಆಗದೆ ಈಗಲೂ ಕುರ್ಚಿ ಹಾಕಿಸಿಕೊಳ್ಳುತ್ತಾನೆ. ನಾನು ಅದೇ ವರ್ಷ ಯೆಜ್ಡಿ ಮಾರಿದೆ. ಆ ದುಡ್ಡು ಎಲ್ಲಿ ಹೋಯಿತೋ, ನೆನಪಿಲ್ಲ. ಗಾಡಿ ಹೋದದ್ದಕ್ಕಿಂತ ಅವನ ಜೊತೆ ಹರಟೆ ಹೋದದ್ದು ಕಾಡುತ್ತದೆ. ಮದುವೆ ಮನೆಯಲ್ಲಿ ಸಿಕ್ಕರೆ ಅಡಿಕೆ ದರ ಮಾತಾಡುತ್ತೇವೆ, ಘಟ್ಟದ ಮಾತು ಇಬ್ಬರೂ ಎತ್ತುವುದಿಲ್ಲ.

ಇರಲಿ. ಬರೆಯಲು ಕೂತದ್ದು ನಿನ್ನ ಎಡಗಡೆಯ ವಿಷಯ.

ಸೀಲು ತರಿಸುವ ಮೊದಲು ಪೈಪಿನ ಮೇಲೆ ಉಗುರು ಆಡಿಸಿ ನೋಡು. ನಿನ್ನ ಬಾಡಿಗೆ ಮನೆ ಸಮುದ್ರದ ಗಾಳಿಗೆ ನೇರ ಇದೆ. ಕಾರವಾರದ ಉಪ್ಪುಗಾಳಿ ಮೊದಲು ಹಿಡಿಯುವುದೇ ಕ್ರೋಮನ್ನು. ಸಾಸಿವೆಯಷ್ಟೂ ಬೇಡ, ಕಣ್ಣಿಗೆ ಕಾಣದ ಒಂದು ತೂತು ಉಗುರಿಗೆ ತಡೆದರೆ ಸಾಕು, ಸೀಲಿನ ತುಟಿಯನ್ನು ಅದು ದಿನಾ ಕೊಯ್ಯುತ್ತದೆ. ಹಾಗಿದ್ದ ಪೈಪಿಗೆ ಎಷ್ಟು ಸೀಲು ಹಾಕಿದರೂ ದಂಡ. ಬರೀ ಗೀರಾದರೆ ಎರಡು ಸಾವಿರ ನಂಬರಿನ ಪಾಲಿಶ್ ಪೇಪರಿಗೆ ಎಣ್ಣೆ ಹಚ್ಚಿ ತಿಕ್ಕಿದರೆ ಹೋದೀತು. ಹೊಂಡವಾದರೆ ಹುಬ್ಬಳ್ಳಿ ಕಡೆ ಹಾರ್ಡ್ ಕ್ರೋಮ್ ಮಾಡುವವರನ್ನು ವಿಚಾರಿಸಬೇಕು. ಪೈಪು 35 ಮಿ.ಮೀ. ಅಂತ ಹೇಳಿ ಬೇರಿಂಗ್ ಅಂಗಡಿಯಿಂದ ಯಾವುದೋ ಆಯಿಲ್ ಸೀಲ್ ತಂದು ತುರುಕಬೇಡ. ಅದು ತಿರುಗುವ ಶಾಫ್ಟಿಗೆ ಮಾಡಿದ್ದು, ನಿನಗೆ ಬೇಕಾದದ್ದು ಮೇಲೆ ಕೆಳಗೆ ಜಾರುವುದಕ್ಕೆ.

ಸೀಲಿನ ತುಟಿಯಲ್ಲಿ ಬರೀ ಕೆಮ್ಮಣ್ಣು ಸಿಕ್ಕಿಕೊಂಡೂ ಸೋರುವುದುಂಟು. ಹಳೆಯ ಕ್ಯಾಮರಾ ರೀಲಿನ ತುಂಡನ್ನು ಕೊಕ್ಕೆಯ ಹಾಗೆ ಕತ್ತರಿಸಿ, ಧೂಳು ತಡೆಯುವ ರಬ್ಬರು ಎತ್ತಿ, ಪೈಪಿನ ಸುತ್ತ ಒಮ್ಮೆ ಎಳೆದರೆ ಮಣ್ಣು ಹೊರಗೆ ಬರುತ್ತದೆ. ಕೆಲವು ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿನ್ನ ಆಯಿಯ ಮದುವೆಯ ರೀಲು ಮಾತ್ರ ಮುಟ್ಟಬೇಡ. ಸೋರುವುದು ನಿಂತರೂ ಪ್ಯಾಡು ಹಳೆಯದೇ ಇದ್ದರೆ ನನ್ನ ಹೆದರಿಕೆ ಹಾಗೇ ಇರುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆಯುವವರು, ಬೆಂಕಿಗೆ ಹಿಡಿಯುವವರು ಇದ್ದಾರೆ, ನೀನು ಹೊಸದೇ ಹಾಕು. ಡಿಸ್ಕನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸು.

ಬಿಚ್ಚುವುದು ನಿನಗೆ ಗೊತ್ತು, ನಾನು ಹೇಳಿದರೆ ನಗುತ್ತೀಯೇನೋ. ಆದರೂ ಮೇಲಿನ ಕ್ಯಾಪಿನ ಕಡೆಯ ಸುತ್ತಿನಲ್ಲಿ ಮುಖ ಅದರ ನೇರಕ್ಕೆ ಇಡಬೇಡ, ಒಳಗಿನ ಸ್ಪ್ರಿಂಗು ಒತ್ತಿಕೊಂಡೇ ಇರುತ್ತದೆ. ಪ್ಯಾಡು ಕೂರುವ ಕ್ಯಾಲಿಪರನ್ನು ಬ್ರೇಕಿನ ಹೋಸಿನ ಮೇಲೆ ಜೋತು ಬಿಡದೆ ತಂತಿಯಲ್ಲಿ ಕಟ್ಟು. ಹೊಸ ಸೀಲು ಇಳಿಸುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಎಣ್ಣೆ ಸವರಿದರೆ ತುಟಿ ಹರಿಯುವುದಿಲ್ಲ. ಬಲಗಡೆ ಸೋರದಿದ್ದರೂ ಅದರ ಸೀಲನ್ನೂ ಬದಲಾಯಿಸು, ಎರಡಕ್ಕೂ ಸಮನಾಗಿ ಫೋರ್ಕ್ ಆಯಿಲ್ಲೇ ಹಾಕು, ಅಳತೆಗೆ ಮ್ಯಾನುವಲ್ ನೋಡು. ಇಂಜಿನ್ನಿಗೆ ತಂದು ಉಳಿದದ್ದನ್ನು ಸುರಿಯುವ ಬುದ್ಧಿ ನಮ್ಮ ಕಾಲದ್ದು, ಅದು ಬೇಡ. ಆಕ್ಸಲ್ ಹಿಡಿಯುವ ಕ್ಲಾಂಪಿನಲ್ಲಿ ಮುಂದಿನ ನಟ್ಟು ಮೊದಲು ಬಿಗಿ ಮಾಡಿ ಆಮೇಲೆ ಹಿಂದಿನದು, ಇದನ್ನು ಎಷ್ಟೋ ಗ್ಯಾರೇಜಿನವರೇ ಮರೆಯುತ್ತಾರೆ.

ಇಷ್ಟೆಲ್ಲ ಹೇಳಿದೆ ಅಂತ ಹಬ್ಬದೊಳಗೆ ಮುಗಿಸಲು ರಾತ್ರಿ ಕೂತು ಬಿಚ್ಚಬೇಡ. ಸೀಲು ಹೊರದೇಶದಿಂದ ಬರಬೇಕು, ಬಂದಾಗ ಬರಲಿ. ಬಟ್ಟೆಯಲ್ಲಿ ಒರೆಸಿಕೊಂಡು ಪೇಟೆಗೂ ಹೋಗಬೇಡ, ಘಟ್ಟದ ಮಾತಂತೂ ಬೇಡವೇ ಬೇಡ. ಈ ಸಲ ಬಸ್ಸಿಗೆ ಬಾ, ಹಳೇ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಹೊರಡುವ ಮೊದಲು ಉಗುರಿಗೆ ಏನು ಸಿಕ್ಕಿತು ಅಂತ ಒಂದು ಫೋನು ಮಾಡು. ಅಲ್ಲಿಯವರೆಗೆ ನಿನ್ನ ಆಯಿಗೆ ಈ ವಿಷಯ ನಾನು ಹೇಳುವುದಿಲ್ಲ, ನೀನೂ ಹೇಳಬೇಡ.

ಇತಿ,
ನಿನ್ನ ಮಾವ