ಬಾನೇರ್ ಲೇಖನದಲ್ಲಿ ಬಿಟ್ಟುಹೋದ ಮನೆಯವರು

ಮಾನ್ಯ ಸಂಪಾದಕರೆ,

ಹದಿನೇಳನೆಯ ಶತಮಾನದ ಸ್ವೀಡನ್ ದಂಡನಾಯಕ ಯೂಹಾನ್ ಬಾನೇರ್ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಜರ್ಮನ್ ನಾಡುಗಳಲ್ಲಿ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದ ಕದನಗಳ ವಿವರಣೆ ಅಚ್ಚುಕಟ್ಟಾಗಿದೆ. ಆದರೆ ‘ರಾಜಕೃಪೆಯಿಂದ ಮೇಲೇರಿದವನು’ ಎಂದು ಅವನ ಪೂರ್ವಾಪರವನ್ನು ಒಂದೇ ಮಾತಿನಲ್ಲಿ ಮುಗಿಸಿರುವುದನ್ನು ಒಪ್ಪಲಾಗದು.

ಬಾನೇರ್ 1596ರಲ್ಲಿ ಹುಟ್ಟಿದ. ಅವನ ತಂದೆ ಗುಸ್ತಾಫ್, ಸಿಂಹಾಸನದ ಕಲಹದಲ್ಲಿ ರಾಜ ಸಿಗಿಸ್ಮಂಡನ ಪಕ್ಷ ಹಿಡಿದಿದ್ದ ಕಾರಣಕ್ಕೆ, ಗೆದ್ದುಬಂದ ಆ ರಾಜನ ಚಿಕ್ಕಪ್ಪ ಕಾರ್ಲ್, 1600ರ ಮಾರ್ಚ್ 20ರಂದು ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ ಗುಸ್ತಾಫನ ತಲೆ ತೆಗೆಸಿದ. ಗುಸ್ತಾಫನ ಸೋದರ ಸ್ಟೆನ್‌ಗೂ ಅಂದು ಅದೇ ಗತಿಯಾಯಿತು. ಬಾಲಕನಿಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ತಾಯಿ ಕ್ರಿಸ್ತಿನಾ ಸ್ತೂರೆಗೆ ಇಂತಹ ಸಾವು ಹೊಸದಾಗಿರಲಿಲ್ಲ: ಆಕೆಯ ತಂದೆ ಮತ್ತು ಇಬ್ಬರು ಅಣ್ಣಂದಿರು 1567ರಲ್ಲಿ ಉಪ್ಸಾಲಾದಲ್ಲಿ ಕೊಲೆಯಾದರು, ಕೊಲ್ಲಿಸಿದವನು ಇದೇ ಕಾರ್ಲನ ಅಣ್ಣ, ಆಗಿನ ರಾಜ ಹದಿನಾಲ್ಕನೆಯ ಎರಿಕ್. ಹೀಗೆ ಒಂದೇ ರಾಜವಂಶದಿಂದ ತವರನ್ನೂ ಗಂಡನನ್ನೂ ಕಳೆದುಕೊಂಡವಳ ಮಗ, 1615ರಲ್ಲಿ ರಷ್ಯಾದ ಪ್ಸ್ಕೋವ್ ನಗರಕ್ಕೆ ಹಾಕಿದ ಮುತ್ತಿಗೆಯ ಹೊತ್ತಿಗೆ ಕಾರ್ಲನ ಮಗ ಗುಸ್ತಾವ್ ಅಡಾಲ್ಫನ ಸೈನ್ಯದಲ್ಲಿದ್ದ. ಇದನ್ನು ಕೃಪೆ ಎನ್ನಬೇಕೋ ರಾಜಿ ಎನ್ನಬೇಕೋ? ಗುಸ್ತಾವ್ ಅಡಾಲ್ಫ್ ಪಟ್ಟಕ್ಕೆ ಬರುವಾಗ ಸರದಾರ ಮನೆತನಗಳ ಹಕ್ಕುಗಳನ್ನು ಕಾಪಾಡುವುದಾಗಿ ಬರೆದುಕೊಟ್ಟಿದ್ದ. ಆ ಪತ್ರವಿಲ್ಲದೆ ಬಾನೇರ್‌ನಂಥವರು ಅವನ ಧ್ವಜದಡಿ ಬರುವುದು ಕಷ್ಟವಿತ್ತೆಂದು ನನಗನಿಸುತ್ತದೆ.

1657ರಲ್ಲಿ ಔರಂಗಜೇಬ ನಮ್ಮ ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ, ಮದ್ದು ಸಿಡಿದು ಮರಣಶಯ್ಯೆಯಲ್ಲಿದ್ದ ಕಿಲ್ಲೇದಾರ ಸಿದ್ದಿ ಮರ್ಜಾನ್ ಕೋಟೆಯ ಬೀಗದ ಕೈಗಳನ್ನು ತನ್ನ ಮಕ್ಕಳ ಕೈಯಲ್ಲಿ ಔರಂಗಜೇಬನಿಗೆ ಕಳಿಸಿದ. ಆ ಮಕ್ಕಳನ್ನು ಬಿಟ್ಟು ಆ ಕಥೆ ಹೇಳಲು ಬಾರದು. ಬಾನೇರ್‌ನದೂ ಹಾಗೆಯೇ.

ಅವನ ಹೆಂಡತಿಯರ ಹೆಸರೂ ಲೇಖನದಲ್ಲಿಲ್ಲ. ರಾಣಿಯ ಸಖಿಯಾಗಿದ್ದ ಕ್ಯಾಥರೀನಾ ಎಲಿಸಬೆತ್ ಫಾನ್ ಪ್ಫೂಲ್‌ಳನ್ನು 1623ರಲ್ಲಿ ಮದುವೆಯಾದ. ದಂಡಿನ ಜೊತೆಗೇ ಇರುತ್ತಿದ್ದ ಆಕೆ ತೀರಿಕೊಂಡದ್ದು 1636ರಲ್ಲಿ. ಲೇಖಕರು ಎರಡು ಕಾಲಂ ಮೀಸಲಿಟ್ಟ, ಜರ್ಮನಿಯ ವಿಟ್‌ಸ್ಟಾಕ್‌ನಲ್ಲಿ ಬಾನೇರ್ ಗಳಿಸಿದ ವಿಜಯ ಅದೇ ವರ್ಷದ ಅಕ್ಟೋಬರಿನದು. ಎರಡನೆಯವಳು ಎರ್ಬಾಖ್‌ನ ಎಲಿಸಬೆತ್ ಯುಲಿಯಾನಾ, 1640ರಲ್ಲಿ ತೀರಿಕೊಂಡಳು. ಅದೇ ವರ್ಷ ಬಾಡೆನ್ ಮನೆತನದ ಯೋಹಾನಾ ಮಾರ್ಗರೆಟಾಳನ್ನು ವರಿಸಿದ ಬಾನೇರ್, ಮರುವರ್ಷ ಮೇ ತಿಂಗಳಲ್ಲಿ ಹಾಲ್ಬರ್‌ಸ್ಟಾಟ್‌ನಲ್ಲಿ ಸತ್ತ. ಆಗ ಅವನಿಗೆ 44 ವರ್ಷ.

ಮುಂದಿನ ಕಂತು ಸ್ವೀಡನ್ನಿನ ಇನ್ನೊಬ್ಬ ದಂಡನಾಯಕ ಕಾರ್ಲ್ ಗುಸ್ತಾಫ್ ರಾಂಗೆಲ್ ಬಗ್ಗೆ ಎಂದು ಸೂಚಿಸಿದ್ದೀರಿ. ರಾಂಗೆಲ್ 1640ರಲ್ಲಿ ಮದುವೆಯಾದ ಅನ್ನಾ ಮಾರ್ಗರೆಟಾ ಫಾನ್ ಹೌಗ್ವಿಟ್ಸ್ ತಬ್ಬಲಿ. ಅವಳನ್ನು ತನ್ನ ಬಳಿ ಇಟ್ಟುಕೊಂಡು ಸಾಕಿದವಳು ಇದೇ ಎಲಿಸಬೆತ್ ಯುಲಿಯಾನಾ. ಲೇಖಕರು ಆ ಕಂತನ್ನು ಅಲ್ಲಿಂದಲೇ ಆರಂಭಿಸಲಿ ಎಂದು ವಿನಂತಿ.

ಇತಿ,
ನಿವೃತ್ತ ಇತಿಹಾಸ ಶಿಕ್ಷಕ, ಬೀದರ್